ಹಳ್ಳಿಯ ಚರಿತ್ರೆ ಮತ್ತು ನೆಲದ ಗುರುತುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಕರ್ನಾಟಕದ ಹಳ್ಳಿಗಳಲ್ಲಿ ತಮ್ಮ ಊರಿನ ಹಿಂದಿನ ಸಂಗತಿಗಳನ್ನು ತಿಳಿಯಲು ಹೊರಟವರು ಮಾತುಕತೆಯಲ್ಲಿ, ಪತ್ರಗಳಲ್ಲಿ, ಪ್ರತಿಕ್ರಿಯೆಗಳಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಲಾಗಿದೆ. ಪ್ರಶ್ನೆಗಳು ಸಾಧ್ಯವಾದಷ್ಟು ಕೇಳಿದವರ ಮಾತಿನಲ್ಲೇ ಇವೆ. ಮೊದಲಿಗೆ ಸುಲಭವಾದವು, ಮುಂದಕ್ಕೆ ಹೋದಂತೆ ಹೆಚ್ಚು ಶ್ರಮ ಬೇಡುವವು ಬರುತ್ತವೆ. ಪ್ರತಿಯೊಂದು ಉತ್ತರವನ್ನೂ ಬಿಡಿಯಾಗಿ ಓದಿಕೊಳ್ಳಬಹುದು.

## ಮೊದಲ ಹೆಜ್ಜೆಗಳು

ನಮ್ಮದು ನೂರು ಮನೆಯ ಸಣ್ಣ ಹಳ್ಳಿ. ಇದಕ್ಕೂ ಬರೆಯುವಂಥ ಇತಿಹಾಸ ಇರುತ್ತದೆಯೇ?

ಇರುತ್ತದೆ. ಕನ್ನಡದ ಬಹು ಹಳೆಯ ಶಾಸನವೆಂದು ನಾವೆಲ್ಲ ಓದಿರುವ ಹಲ್ಮಿಡಿ ಶಾಸನ ದೊರೆತದ್ದು ರಾಜಧಾನಿಯಲ್ಲಲ್ಲ, ಹಾಸನ ಜಿಲ್ಲೆ ಬೇಲೂರು ತಾಲ್ಲೂಕಿನ ಒಂದು ಚಿಕ್ಕ ಹಳ್ಳಿಯಲ್ಲಿ. 1936ರಲ್ಲಿ ಮೈಸೂರು ಪುರಾತತ್ತ್ವ ಇಲಾಖೆಯ ಎಂ.ಎಚ್. ಕೃಷ್ಣ ಅವರು ಅದನ್ನು ಬೆಳಕಿಗೆ ತರುವವರೆಗೆ ಆ ಹದಿನಾರು ಸಾಲಿನ ಕಲ್ಲು ಊರವರ ಪಾಲಿಗೆ ಒಂದು ಕಲ್ಲಷ್ಟೇ ಆಗಿತ್ತು. ಅದನ್ನು ಸಾಮಾನ್ಯವಾಗಿ ಕ್ರಿ.ಶ. 450ರ ಸುಮಾರಿಗೆ ಸೇರಿಸುತ್ತಾರೆ. ಅಶೋಕನ ಹೆಸರನ್ನು ಸ್ಪಷ್ಟವಾಗಿ ಹೇಳುವ ಮಸ್ಕಿಯ ಶಾಸನವನ್ನು 1915ರಲ್ಲಿ ಗುರುತಿಸಿದವರು ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರು.

ಎಲ್ಲ ಹಳ್ಳಿಯಲ್ಲೂ ಇಂಥದ್ದು ಸಿಗುವುದಿಲ್ಲ, ಸಿಗಬೇಕಾದ ಅಗತ್ಯವೂ ಇಲ್ಲ. ಒಂದು ಕೆರೆ, ಅದರ ತೂಬು, ಬದುವಿನ ಮೇಲೆ ಬಿದ್ದಿರುವ ಎರಡು ವೀರಗಲ್ಲು, ಹೆಸರು ಉಳಿದು ಮನೆಗಳು ಅಳಿದ ಒಂದು ಹಾಳೂರು, ಕಂದಾಯದ ಹಳೆಯ ನಕ್ಷೆ, ಇಷ್ಟಿದ್ದರೆ ಸಾಕು. ಇವುಗಳನ್ನು ಒಂದಕ್ಕೊಂದು ತಾಳೆ ನೋಡಿದಾಗ ಊರಿನ ಕಥೆ ತಾನಾಗಿ ಎದ್ದು ಬರುತ್ತದೆ. ಈ ಪುಟದ ಎಲ್ಲ ಉತ್ತರಗಳ ಹಿಂದಿರುವ ನಿಲುವು ಇದೇ: ಇದ್ದ ಜಾಗದಲ್ಲೇ ಇರುವ ಗುರುತು, ಅದರ ಬಗ್ಗೆ ಹೇಳುವ ಯಾವ ಕಥೆಗಿಂತಲೂ ಹೆಚ್ಚು ಬೆಲೆಯುಳ್ಳದ್ದು.

ಎಲ್ಲಿಂದ ಶುರು ಮಾಡಬೇಕು? ಮೊದಲು ಹಿರಿಯರನ್ನು ಕೇಳಬೇಕೋ, ಪುಸ್ತಕ ಹುಡುಕಬೇಕೋ?

ಎರಡಕ್ಕೂ ಮೊದಲು ಊರಿನ ಎಲ್ಲೆಯನ್ನು ನಡೆದು ನೋಡಬೇಕು. ಭೂದಾಖಲೆಗಳ ಇಲಾಖೆಯ ಜಾಲತಾಣದಲ್ಲಿ ಸಿಗುವ ಗ್ರಾಮ ನಕ್ಷೆಯನ್ನು ಮುದ್ರಿಸಿಕೊಂಡು, ಊರಿನ ಹೊಲ ಗದ್ದೆಗಳನ್ನು ಬಲ್ಲ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೊರಡುವುದು ಒಳ್ಳೆಯದು. ಮನೆಯ ಜಗಲಿಯಲ್ಲಿ ಕುಳಿತು ಕೇಳಿದಾಗ ನೆನಪಿಗೆ ಬಾರದ ಸಂಗತಿಗಳು ಹಳ್ಳದ ದಂಡೆಯಲ್ಲಿ, ಹುಣಸೆಮರದ ಬುಡದಲ್ಲಿ ನಿಂತಾಗ ಅವರ ಬಾಯಿಂದ ಬರುತ್ತವೆ.

ಹೊರಡುವ ಮೊದಲು ಕೆಲವು ಮಾತುಗಳು ಗೊತ್ತಿರಬೇಕು. ಮನೆಗಳಿರುವ ಜಾಗ ಗ್ರಾಮಠಾಣ. ಮೂಲ ಗ್ರಾಮದ ಎಲ್ಲೆಯೊಳಗೆ ಬೇರೆಯಾಗಿ ಬೆಳೆದ ಜನವಸತಿ ಮಜರೆ. ದಾಖಲೆಯಲ್ಲಿ ಹೆಸರು, ಎಲ್ಲೆ, ಸರ್ವೆ ನಂಬರು ಎಲ್ಲವೂ ಇದ್ದು ಜನವಸತಿ ಮಾತ್ರ ಇಲ್ಲದ ಊರು ಬೇಚರಾಕ್ ಗ್ರಾಮ. ನಿಮ್ಮ ಊರು ಮಜರೆಯಾಗಿದ್ದರೆ ಅದರ ಹಳೆಯ ದಾಖಲೆಗಳನ್ನು ಮೂಲ ಗ್ರಾಮದ ಹೆಸರಿನಲ್ಲಿ ಹುಡುಕಬೇಕು. ಅನೇಕರು ಇಲ್ಲಿಯೇ ಎಡವಿ, ‘ನಮ್ಮ ಊರಿನ ದಾಖಲೆಯೇ ಇಲ್ಲ’ ಎಂದು ಕೈಬಿಡುತ್ತಾರೆ.

ಇಷ್ಟೆಲ್ಲ ಬಯಲು ಇರುವಾಗ ಊರನ್ನು ಇಲ್ಲೇ ಏಕೆ ಕಟ್ಟಿದರು?

ಕುಡಿಯುವ ನೀರು, ಮುಳುಗದ ಎತ್ತರ, ಉಳಲು ಬಾರದ ನೆಲ, ಈ ಮೂರನ್ನು ನೋಡಿದರೆ ಬಹುಪಾಲು ಉತ್ತರ ಸಿಗುತ್ತದೆ. ಹಿಂದಿನವರು ಒಳ್ಳೆಯ ಗದ್ದೆಯ ಮೇಲೆ ಮನೆ ಕಟ್ಟುತ್ತಿರಲಿಲ್ಲ. ಬಯಲುಸೀಮೆಯ ಕೆಂಪು ಮಣ್ಣಿನ ಊರುಗಳಲ್ಲಿ ಗ್ರಾಮಠಾಣವು ಸಾಮಾನ್ಯವಾಗಿ ಕಲ್ಲುಮಿಶ್ರಿತ ದಿಣ್ಣೆಯ ಮೇಲೆ, ಕೆರೆಯ ಪಕ್ಕಕ್ಕೆ ಇರುತ್ತದೆ. ಬಡಗಣ ಕರ್ನಾಟಕದ ಎರೆಭೂಮಿಯಲ್ಲಿ ನೀರು ಸಿಗುವ ತಾಣಗಳು ಕಡಿಮೆಯಾದ್ದರಿಂದ ಊರುಗಳು ದೂರ ದೂರ ಇದ್ದು, ಒಂದೊಂದೂ ದೊಡ್ಡದಾಗಿ, ಒತ್ತಾಗಿ, ಅಗಸಿ ಬಾಗಿಲು ಮತ್ತು ಹುಡೆಗಳೊಡನೆ (ಕಾವಲು ಬುರುಜುಗಳೊಡನೆ) ಬೆಳೆದಿವೆ. ಮಲೆನಾಡಿನಲ್ಲಿ ನೀರು ಎಲ್ಲೆಡೆ ಇರುವುದರಿಂದ ಮನೆಗಳು ಅವರವರ ಗದ್ದೆ ತೋಟಗಳ ಅಂಚಿನಲ್ಲಿ ಚದುರಿವೆ. ಅಲ್ಲಿ ‘ಊರಿನ ನಡು’ ಯಾವುದೆಂದು ಹುಡುಕುವುದೇ ತಪ್ಪು ಪ್ರಶ್ನೆ.

ಊರಿನ ಹೆಸರಿನಿಂದಲೇ ಚರಿತ್ರೆ ತಿಳಿಯಬಹುದಲ್ಲವೇ?

ಸ್ವಲ್ಪ ಮಟ್ಟಿಗೆ ತಿಳಿಯಬಹುದು, ಆದರೆ ಇಂದಿನ ರೂಪವನ್ನು ಒಡೆದು ಅರ್ಥ ಹೇಳುವುದರಿಂದಲ್ಲ. ದಾಖಲೆಯಲ್ಲಿ ಸಿಗುವ ಅತಿ ಹಳೆಯ ರೂಪವನ್ನು ಮೊದಲು ಹುಡುಕಬೇಕು. ಹೊಯ್ಸಳ ಬಲ್ಲಾಳನಿಗೆ ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟದ್ದರಿಂದ ಬೆಂಗಳೂರು ಎಂಬ ಹೆಸರು ಬಂತೆಂಬ ಕಥೆ ಎಲ್ಲರಿಗೂ ಗೊತ್ತು. ಆದರೆ ಆ ಬಲ್ಲಾಳನ ಕಾಲಕ್ಕಿಂತ ಇನ್ನೂರಕ್ಕೂ ಹೆಚ್ಚು ವರ್ಷ ಹಿಂದಿನ, ಸುಮಾರು ಕ್ರಿ.ಶ. 890ರ ಬೇಗೂರು ವೀರಗಲ್ಲಿನಲ್ಲೇ ಬೆಂಗಳೂರು ಕಾಳಗದ ಮಾತು ಬರುತ್ತದೆ. ನಿಮ್ಮ ಊರಿನ ಹೆಸರಿನ ಕಥೆಯೂ ಹೀಗೆಯೇ ಹೆಸರಿಗಿಂತ ಚಿಕ್ಕ ವಯಸ್ಸಿನದಾಗಿರಬಹುದು. ಕಥೆಯನ್ನು ಬರೆದಿಡಬೇಕು, ಕಥೆಯೆಂದೇ ಬರೆದಿಡಬೇಕು.

## ಕಲ್ಲುಗಳು

ಹೊಲದ ಬದುವಿನಲ್ಲಿ ಕತ್ತಿ ಹಿಡಿದ ಮನುಷ್ಯನ ಚಿತ್ರವಿರುವ ಕಲ್ಲಿದೆ. ಇದು ಯಾವ ದೇವರು?

ಬಹುಮಟ್ಟಿಗೆ ಅದು ದೇವರಲ್ಲ, ವೀರಗಲ್ಲು. ಕಾಳಗದಲ್ಲಿ ಮಡಿದವನ ನೆನಪಿಗೆ ನಿಲ್ಲಿಸಿದ್ದು. ಪೂರ್ತಿಯಾಗಿ ಕೆತ್ತಿದ ವೀರಗಲ್ಲಿನಲ್ಲಿ ಸಾಮಾನ್ಯವಾಗಿ ಮೂರು ಅಂಕಣಗಳಿದ್ದು ಅವುಗಳನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ಅವನು ಲಿಂಗದ ಎದುರು ಕುಳಿತಿರುವುದು. ತುದಿಯಲ್ಲಿ ಸೂರ್ಯ ಚಂದ್ರರಿರುತ್ತಾರೆ. ಜೈನನಾದ ವೀರನ ಕಲ್ಲಿನಲ್ಲಿ ಲಿಂಗದ ಜಾಗದಲ್ಲಿ ಜಿನಬಿಂಬ ಇರುತ್ತದೆ.

ಕೆಳಗಿನ ಅಂಕಣವನ್ನು ಹೆಚ್ಚು ಗಮನವಿಟ್ಟು ನೋಡಬೇಕು, ಏಕೆಂದರೆ ಊರಿನ ಚರಿತ್ರೆ ಇರುವುದು ಅಲ್ಲಿ. ದನಗಳ ಸಾಲು ಕಂಡರೆ ಅದು ತುರುಗಾಳಗ: ಪಕ್ಕದ ಸೀಮೆಯವರು ಊರಿನ ದನಗಳನ್ನು ಹೊಡೆದುಕೊಂಡು ಹೋಗುವಾಗ ತಡೆದು ಸತ್ತವನ ನೆನಪು. ಹುಲಿಯೋ ಹಂದಿಯೋ ಕಂಡರೆ ಬೇಟೆ. ಊರಳಿವು (ಊರಿನ ಮೇಲಿನ ದಾಳಿ), ಪೆಣ್ಬುಯ್ಯಲು (ಹೆಣ್ಣಿನ ರಕ್ಷಣೆಗಾಗಿ ಹೋರಾಟ), ಗಡಿಯ ಜಗಳ ಎಂದು ಕಾರಣಗಳು ಇನ್ನೂ ಇವೆ. ರಾಜರ ಯುದ್ಧಕ್ಕಿಂತ ದನ, ಹೆಣ್ಣು, ಗಡಿಗಳಿಗಾಗಿ ನಡೆದ ಹೊಡೆದಾಟಗಳ ಕಲ್ಲುಗಳು ನಮ್ಮ ಹಳ್ಳಿಗಳಲ್ಲಿ ಧಾರಾಳವಾಗಿವೆ. ಆ ಕಾಲದ ಹಳ್ಳಿಯ ಆಸ್ತಿ ಯಾವುದು, ಭಯ ಯಾವುದು ಎಂಬುದು ಅವುಗಳಿಂದ ತಿಳಿಯುತ್ತದೆ.

ಕಲ್ಲು ನಿಲ್ಲುತ್ತಿದ್ದುದು ಮನುಷ್ಯರಿಗೆ ಮಾತ್ರವಲ್ಲ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು ಕಾಳಿ ಎಂಬ ನಾಯಿಯದು. ಗಂಗ ಬೂತುಗನ ಮೆಚ್ಚಿನ ಭಟ ಮಣಲೇರನು ಒಡೆಯನಿಂದ ಬೇಡಿ ಪಡೆದ ಆ ನಾಯಿ, ದೊಡ್ಡ ಹಂದಿಯೊಂದರ ಜೊತೆ ಹೋರಾಡಿ, ಹಂದಿಯೂ ತಾನೂ ಸತ್ತವು. ಅದೇ ಕಲ್ಲಿನಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನು ಚೋಳರನ್ನು ಸೋಲಿಸಿದ ತಕ್ಕೋಲದ ಯುದ್ಧದ ಸುದ್ದಿಯೂ ಇದೆ. ಒಂದು ಹಳ್ಳಿಯ ನಾಯಿಯ ಕಲ್ಲು ದಕ್ಷಿಣ ಭಾರತದ ದೊಡ್ಡ ಯುದ್ಧವೊಂದಕ್ಕೆ ಮುಖ್ಯ ಆಧಾರವಾಗಿದೆ. ಮೂಲ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಮೇಲಕ್ಕೆತ್ತಿದ ಒಂದು ಕೈ ಮಾತ್ರ ಇರುವ ಕಲ್ಲು ಏನು?

ಅದು ಮಾಸ್ತಿಕಲ್ಲು, ಗಂಡನ ಚಿತೆಯೊಡನೆ ಸತ್ತ ಹೆಂಗಸಿನ ನೆನಪಿನದು. ಕಂಬದಿಂದ ಹೊರಟಂತೆ ಕಾಣುವ, ಮೊಣಕೈ ಮಡಿಸಿದ ತೋಳು, ಅದರ ತುಂಬ ಬಳೆ, ಬೆರಳುಗಳ ನಡುವೆ ನಿಂಬೆಹಣ್ಣು ಇದರ ಗುರುತು. ಕೆಲವು ಕಡೆ ವೀರಗಲ್ಲು ಮತ್ತು ಮಾಸ್ತಿಕಲ್ಲು ಒಂದೇ ಕಲ್ಲಿನಲ್ಲಿ ಸೇರಿರುತ್ತವೆ. ಮಾಸ್ತಮ್ಮನೆಂದು ಪೂಜೆಗೊಳ್ಳುವ ಕಲ್ಲುಗಳ ಬಗ್ಗೆ ಬರೆಯುವಾಗ ಭಕ್ತಿಯನ್ನು ಹಗುರಾಗಿ ಕಾಣಬೇಕಿಲ್ಲ. ಹಾಗೆಯೇ ಆ ಸಾವನ್ನು ವೈಭವೀಕರಿಸಬೇಕಾದ ಕಾರಣವೂ ಇಲ್ಲ.

ಅಕ್ಷರವೇ ಇಲ್ಲದೆ ಲಿಂಗವೋ ಚಕ್ರವೋ ಕೊಡೆಯೋ ಮಾತ್ರ ಕೆತ್ತಿದ ಕಲ್ಲುಗಳಿಗೆ ಬೆಲೆ ಇದೆಯೇ?

ತುಂಬ ಇದೆ. ಇವು ದತ್ತಿ ಭೂಮಿಯ ಎಲ್ಲೆಗಲ್ಲುಗಳು. ಶಿವಾಲಯಕ್ಕೆ ಬಿಟ್ಟ ಹೊಲಕ್ಕೆ ಲಿಂಗಮುದ್ರೆ ಕಲ್ಲು, ವೈಷ್ಣವ ದತ್ತಿಗೆ ಶಂಖ ಚಕ್ರದ್ದು ಅಥವಾ ವಾಮನಮುದ್ರೆಯದು, ಬಸದಿಯ ಭೂಮಿಗೆ ಮುಕ್ಕೊಡೆಯದು. ಇಂಥ ನಾಲ್ಕು ಕಲ್ಲುಗಳು ಇದ್ದ ಜಾಗದಲ್ಲೇ ಇದ್ದು, ಅವುಗಳನ್ನು ನಕ್ಷೆಯ ಮೇಲೆ ಗುರುತಿಸಿದರೆ ನೂರಾರು ವರ್ಷಗಳ ಹಿಂದಿನ ದತ್ತಿಯ ಆಕಾರವೇ ಕಣ್ಣೆದುರಿಗೆ ಬರುತ್ತದೆ. ಇಂದು ಒಬ್ಬ ಜೈನರೂ ಇಲ್ಲದ ಊರಿನಲ್ಲಿ ಮುಕ್ಕೊಡೆಯ ಕಲ್ಲು ಸಿಕ್ಕರೆ, ಅಳಿದುಹೋದ ಬಸದಿಯೊಂದನ್ನು ಹುಡುಕಲು ಅದಕ್ಕಿಂತ ಒಳ್ಳೆಯ ಸುಳಿವಿಲ್ಲ. ಕಿತ್ತು ಬೇರೆಡೆ ನಿಲ್ಲಿಸಿದ ಕ್ಷಣವೇ ಈ ಕಲ್ಲು ಹೇಳುತ್ತಿದ್ದ ಮಾತು ನಿಲ್ಲುತ್ತದೆ.

ಊರ ನಡುವೆ ಅಥವಾ ಊರಬಾಗಿಲಲ್ಲಿ ಇರುವ, ದನಕರುಗಳಿಗೆ ರೋಗ ಬಂದಾಗ ಪೂಜಿಸುವ ಕರುವುಗಲ್ಲು ಬೇರೆ ಬಗೆಯದು. ಹಳೆಯ ಊರಿನ ನೆಲೆಯನ್ನು ಗುರುತಿಸಲು ಅದು ನೆರವಾಗುತ್ತದೆ.

ಕಲ್ಲಿನ ಮೇಲೆ ಅಕ್ಷರ ಇದೆ, ಓದಲು ಬರುವುದಿಲ್ಲ. ಸುಣ್ಣ ಬಳಿದು ಫೋಟೋ ತೆಗೆಯಬಹುದೇ?

ಸುಣ್ಣ, ಬಣ್ಣ, ಎಣ್ಣೆ, ತಂತಿ ಬ್ರಷ್, ಯಾವುದೂ ಬೇಡ. ನೀರು ಮತ್ತು ಮೆತ್ತನೆಯ ಬ್ರಷ್ಷಿನಿಂದ ಮಣ್ಣು ತೆಗೆದರೆ ಸಾಕು. ಕತ್ತಲಾದ ಮೇಲೆ ಕಲ್ಲಿನ ಒಂದು ಪಕ್ಕದಿಂದ, ಮೇಲ್ಮೈಯನ್ನು ಸವರಿ ಹೋಗುವಂತೆ ಟಾರ್ಚ್ ಬೆಳಕು ಬಿಟ್ಟು, ನಾಲ್ಕೂ ದಿಕ್ಕಿನಿಂದ ಬೇರೆ ಬೇರೆ ಚಿತ್ರ ತೆಗೆಯಿರಿ. ಹಗಲಿನಲ್ಲಿ ಕಾಣದ ಗೆರೆಗಳು ನೆರಳಿನಲ್ಲಿ ಎದ್ದು ಕಾಣುತ್ತವೆ. ಕಾಗದ ಮತ್ತು ಮಸಿಯಿಂದ ಪಡಿಯಚ್ಚು ತೆಗೆಯುವುದನ್ನು ಬಲ್ಲವರ ಕೈಗೆ ಬಿಡುವುದು ಲೇಸು.

ಓದಿಸುವ ಮೊದಲು, ಅದು ಆಗಲೇ ಪ್ರಕಟವಾಗಿದೆಯೇ ಎಂದು ನೋಡಬೇಕು. ಬಿ.ಎಲ್. ರೈಸ್ 1886ರಿಂದ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಹಳೆಯ ಮೈಸೂರು ಸೀಮೆಯ ಮತ್ತು ಕೊಡಗಿನ ಶಾಸನಗಳು ತಾಲ್ಲೂಕುವಾರು ಸಂಖ್ಯೆಯೊಡನೆ ಇವೆ. ಅವುಗಳ ಪರಿಷ್ಕೃತ ಆವೃತ್ತಿಯನ್ನು ಮೈಸೂರು ವಿಶ್ವವಿದ್ಯಾಲಯ 1972ರಿಂದ ತರುತ್ತ ಬಂದಿದೆ. ಬಡಗಣ ಜಿಲ್ಲೆಗಳ ಶಾಸನಗಳಿಗೆ ದಕ್ಷಿಣ ಭಾರತದ ಶಾಸನಗಳ ಸಂಪುಟಗಳನ್ನೂ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಸಂಪುಟಗಳನ್ನೂ ನೋಡಬೇಕು. ಇವೆಲ್ಲದರಲ್ಲಿ ಇಲ್ಲದ ಕಲ್ಲು ಸಿಕ್ಕರೆ ಮೈಸೂರಿನಲ್ಲಿರುವ ಭಾರತೀಯ ಪುರಾತತ್ತ್ವ ಸರ್ವೇಕ್ಷಣದ ಶಾಸನ ವಿಭಾಗಕ್ಕಾಗಲಿ ಹತ್ತಿರದ ವಿಶ್ವವಿದ್ಯಾಲಯದ ಇತಿಹಾಸ ವಿಭಾಗಕ್ಕಾಗಲಿ ಬರೆಯಿರಿ. ಊಹೆಯಿಂದ ಓದಿದ ಪಾಠವನ್ನು ಹಂಚುವುದಕ್ಕಿಂತ ಸ್ವಲ್ಪ ಕಾಯುವುದು ಒಳ್ಳೆಯದು.

ಶಾಸನದಲ್ಲಿ ಶಕವರ್ಷ, ಸಂವತ್ಸರ ಎಂದಿದೆ. ಕ್ರಿಸ್ತಶಕಕ್ಕೆ ತರುವುದು ಹೇಗೆ?

ಶಕವರ್ಷಕ್ಕೆ 78 ಕೂಡಿಸಿ. ಚಾಂದ್ರಮಾನ ವರ್ಷ ಯುಗಾದಿಗೆ ಆರಂಭವಾಗುವುದರಿಂದ ಪುಷ್ಯ, ಮಾಘ, ಫಾಲ್ಗುಣಗಳ ತಿಥಿಗಳು ಬಹುಮಟ್ಟಿಗೆ ಮುಂದಿನ ಕ್ರಿಸ್ತವರ್ಷಕ್ಕೆ ಬೀಳುತ್ತವೆ. ಜೊತೆಗೆ ಶಾಸನಕಾರರು ಕೆಲವೊಮ್ಮೆ ಕಳೆದ ವರ್ಷವನ್ನೂ ಕೆಲವೊಮ್ಮೆ ನಡೆಯುತ್ತಿರುವ ವರ್ಷವನ್ನೂ ಎಣಿಸುವುದರಿಂದ ಒಂದು ವರ್ಷದ ವ್ಯತ್ಯಾಸ ಬರುತ್ತದೆ. ಆತಕೂರಿನ ಶಕ 872 ಲೆಕ್ಕದಂತೆ 950 ಆಗಬೇಕು, ಆದರೆ ವಿದ್ವಾಂಸರು ಅದನ್ನು 949–50 ಎಂದು ಇಡುವುದು ಇದಕ್ಕಾಗಿಯೇ. ಸಂವತ್ಸರದ ಹೆಸರು ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುವುದರಿಂದ ಅದೊಂದನ್ನೇ ನಂಬಿ ಕಾಲ ಹೇಳಲಾಗದು. ಅರಸನ ಹೆಸರೋ ಲಿಪಿಯ ರೂಪವೋ ಅದರ ಜೊತೆಗೆ ಬೇಕು.

ನಮ್ಮ ಊರಿನ ದೇವಸ್ಥಾನವನ್ನು ಜಕಣಾಚಾರಿ ಕಟ್ಟಿದನೆಂದು ಹೇಳುತ್ತಾರೆ. ನಿಜವೇ?

ಜಕಣಾಚಾರಿಯ ಹೆಸರನ್ನು ನೂರಾರು ಊರುಗಳು ಹೇಳುತ್ತವೆ. ಆದರೆ ಹೊಯ್ಸಳ ಶಿಲ್ಪಿಗಳು ತಮ್ಮ ಹೆಸರನ್ನು ಕೆತ್ತನೆಯ ಬುಡದಲ್ಲಿ ತಾವೇ ಬರೆದಿಟ್ಟಿದ್ದಾರೆ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ, ಸೋಮನಾಥಪುರದಲ್ಲಿ ಮಲ್ಲಿತಮ್ಮ ಹೀಗೆ ಓದಿಗೆ ಸಿಗುತ್ತಾರೆ. ನಿಮ್ಮ ಗುಡಿಯ ವಿಗ್ರಹಗಳ ಪೀಠ, ಭುವನೇಶ್ವರಿ (ಚಾವಣಿಯ ಕೆತ್ತನೆ), ಹೊರಗೋಡೆಯ ಕೆಳಪಟ್ಟಿಕೆಗಳಲ್ಲಿ ಚಿಕ್ಕ ಅಕ್ಷರಗಳಿವೆಯೇ ಎಂದು ನೋಡುವುದು ಹೆಚ್ಚು ಫಲ ಕೊಡುತ್ತದೆ. ಹಾಗೆಯೇ ಗುಡಿಯ ಎಲ್ಲ ಭಾಗಗಳೂ ಒಂದೇ ಕಾಲದವಾಗಿರಬೇಕಿಲ್ಲ. ಬಳಪದ ಕಲ್ಲಿನ, ತಿರುಗಣೆಯಲ್ಲಿ ಕಡೆದಂತಿರುವ ಕಂಬಗಳ ಗರ್ಭಗುಡಿಗೆ ಕಣಶಿಲೆಯ ಚೌಕ ಕಂಬಗಳ ಮುಖಮಂಟಪ ಸೇರಿದ್ದರೆ, ಮುಂದಿನದು ಬಹುಶಃ ವಿಜಯನಗರದ ಅಥವಾ ಪಾಳೆಯಗಾರರ ಕಾಲದ ಸೇರ್ಪಡೆ.

## ಕೆರೆ, ಗುಡ್ಡ, ಹಾಳೂರು

ಊರಿನ ಕೆರೆ ಎಷ್ಟು ಹಳೆಯದೆಂದು ಪತ್ತೆ ಮಾಡುವುದು ಹೇಗೆ?

ಕೆರೆಯನ್ನು ನೀರಿನ ಹರವೆಂದು ನೋಡದೆ ಭಾಗ ಭಾಗವಾಗಿ ನೋಡಬೇಕು: ಏರಿ, ತೂಬು, ಕೋಡಿ, ಕಾಲುವೆ, ಅಚ್ಚುಕಟ್ಟು. ಶಾಸನವಿದ್ದರೆ ಅದು ತೂಬಿನ ಕಂಬದ ಮೇಲೆ, ಕೋಡಿಯ ಬಂಡೆಯ ಮೇಲೆ ಅಥವಾ ಏರಿಯ ಮೇಲಿನ ಗುಡಿಯ ಹತ್ತಿರ ಇರುವ ಸಂಭವ ಹೆಚ್ಚು. ಬೇಸಿಗೆಯಲ್ಲಿ ನೀರು ಇಳಿದಾಗ ತೂಬಿನ ಕಂಬಗಳನ್ನು ಬುಡದವರೆಗೆ ನೋಡಿ. ಏರಿಗೆ ಹೊದಿಸಿದ ಕಲ್ಲುಗಳಲ್ಲಿ ಮುರಿದ ವೀರಗಲ್ಲು, ಗುಡಿಯ ಕಲ್ಲುಗಳು ಸೇರಿಕೊಂಡಿದ್ದರೆ, ಆ ದುರಸ್ತಿ ಅವು ಹಾಳಾದ ನಂತರ ನಡೆದದ್ದೆಂದು ತಿಳಿಯಬಹುದು.

ಶಾಸನಗಳಲ್ಲಿ ಬಿತ್ತುವಟ್ಟ, ಕಟ್ಟುಗೊಡಗೆ ಎಂಬ ಮಾತುಗಳು ಕಂಡರೆ ಅಲ್ಲಿ ನಿಲ್ಲಬೇಕು. ಕೆರೆ ಕಟ್ಟಿಸಿದವನಿಗೆ ಅಥವಾ ಅದನ್ನು ನೋಡಿಕೊಳ್ಳುವವನಿಗೆ ಕೆರೆಯ ಕೆಳಗೇ ಗದ್ದೆ ಬಿಡುವ ಏರ್ಪಾಡು ಅದು. ಹೂಳು ತೆಗೆಯಲು ಬಂಡಿ, ಕೋಣ, ಆಳುಗಳ ಖರ್ಚನ್ನು ಭರಿಸುವ ದತ್ತಿಗಳೂ ಇರುತ್ತಿದ್ದವು. ಕೆರೆ ಕಟ್ಟುವುದು ಪುಣ್ಯದ ಕೆಲಸವಾಗಿತ್ತು ಎಂದಷ್ಟೇ ಹೇಳಿ ಮುಗಿಸುವುದು ಸಾಲದು. ಅದನ್ನು ಪ್ರತಿವರ್ಷ ಉಳಿಸಿಕೊಳ್ಳುವ ಹಣದ ದಾರಿಯನ್ನೂ ಅವರು ಯೋಚಿಸಿದ್ದರು. ಗದ್ದೆಗಳಿಗೆ ಸರದಿಯಂತೆ ನೀರು ಬಿಡುತ್ತಿದ್ದ ನೀರುಗಂಟಿಯ ಮನೆತನ ಊರಿನಲ್ಲಿ ಇನ್ನೂ ಇದ್ದರೆ, ಅಚ್ಚುಕಟ್ಟಿನ ಹಳೆಯ ಕಟ್ಟಳೆಗಳು ಅವರಿಗೆ ಗೊತ್ತಿರುತ್ತವೆ.

ಕೆರೆಗಳ ದಾಖಲೆ ಎಷ್ಟು ಹಿಂದಕ್ಕೆ ಹೋಗಬಹುದೆಂಬುದಕ್ಕೆ ಶಿಕಾರಿಪುರ ತಾಲ್ಲೂಕಿನ ತಾಳಗುಂದವೇ ಸಾಕ್ಷಿ. ಅಲ್ಲಿನ ಕಂಬದ ಶಾಸನವು ಕದಂಬ ಕಾಕುಸ್ಥವರ್ಮನು ಗುಡಿಯ ಬಳಿ ಕೆರೆ ಕಟ್ಟಿಸಿದ್ದನ್ನು ಹೇಳುತ್ತದೆ. ಕುಬ್ಜನೆಂಬ ಕವಿ ರಚಿಸಿದ ಅದನ್ನು ಕಾಕುಸ್ಥನ ಮಗ ಶಾಂತಿವರ್ಮನ ಕಾಲದಲ್ಲಿ, ಐದನೆಯ ಶತಮಾನದಲ್ಲಿ, ಕೆತ್ತಲಾಯಿತು. ಇನ್ನು ನೀರು ನಿಲ್ಲದಿದ್ದಾಗ ಸೊಸೆಯನ್ನೋ ಬಸುರಿಯನ್ನೋ ಬಲಿ ಕೊಟ್ಟರೆಂಬ ಕಥೆ ಹತ್ತಾರು ಕೆರೆಗಳ ಮೇಲಿದೆ. ಅದನ್ನು ಕೇಳಿದಂತೆಯೇ ಬರೆದುಕೊಳ್ಳಿ, ಕೆರೆಯ ಕಾಲ ನಿರ್ಣಯಕ್ಕೆ ಮಾತ್ರ ಬಳಸಬೇಡಿ.

ಗುಡ್ಡದ ಮೇಲೆ ಚಪ್ಪಡಿ ಕಲ್ಲಿನ ಪುಟ್ಟ ಮನೆಗಳಿವೆ. ಪಾಂಡವರು ಕಟ್ಟಿದ್ದಂತೆ ಹೌದೇ?

ಅವು ಕಬ್ಬಿಣ ಯುಗದ ಜನ ಸತ್ತವರ ನೆನಪಿಗೆ ಕಟ್ಟಿದ ಕಲ್ಮನೆಗಳು, ಬೃಹತ್ ಶಿಲಾ ಗೋರಿಗಳು. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ ಬಳಿಯ ಗುಡ್ಡದ ಮೇಲೆ ಇಂಥವು ನೂರಾರು ಇದ್ದು, ಅಲ್ಲಿಯವರು ಅದನ್ನು ಮೋರೇರ ಗುಡ್ಡ ಎನ್ನುತ್ತಾರೆ. 2021ರಲ್ಲಿ ಅದು ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿತು. ಮೋರೇರು ಕುಳ್ಳ ಜನರಾಗಿದ್ದರು, ಬೆಂಕಿಯ ಮಳೆಗೆ ಅಂಜಿ ಕಲ್ಲಿನ ಮನೆ ಕಟ್ಟಿಕೊಂಡರು ಎಂಬಂಥ ಕಥೆಗಳು ಬೇರೆ ಬೇರೆ ಊರುಗಳಲ್ಲಿವೆ. ವಾಸದ ಮನೆಯಷ್ಟು ದೊಡ್ಡದಲ್ಲದ ಮನೆಯನ್ನು ಕಂಡ ಜನ ಅದಕ್ಕೆ ತಕ್ಕ ಎತ್ತರದ ಜನರನ್ನು ಕಲ್ಪಿಸಿಕೊಂಡದ್ದರಲ್ಲಿ ಆಶ್ಚರ್ಯವೇನಿಲ್ಲ.

ಬಳ್ಳಾರಿ, ರಾಯಚೂರು ಸೀಮೆಯ ಬೂದಿದಿಬ್ಬಗಳ ವಿಷಯವೂ ಹೀಗೆಯೇ. ಹಂಪಿಯ ಬಳಿಯ ನಿಂಬಾಪುರದ ದಿಬ್ಬವನ್ನು ವಾಲಿಯ ದಹನದ ಬೂದಿ ಎನ್ನುತ್ತಾರೆ. ಈಗ ತೆಲಂಗಾಣದಲ್ಲಿರುವ ಉಟ್ನೂರಿನಲ್ಲಿ 1950ರ ದಶಕದಲ್ಲಿ ರೇಮಂಡ್ ಆಲ್ಚಿನ್ ಅಗೆದು ನೋಡಿದಾಗ, ನವಶಿಲಾಯುಗದ ದನಗಾಹಿಗಳ ದೊಡ್ಡಿಗಳಲ್ಲಿ ಕೂಡಿಬಿದ್ದ ಸಗಣಿ ಮತ್ತೆ ಮತ್ತೆ ಉರಿದು ಇಂಥ ದಿಬ್ಬಗಳಾದವೆಂಬುದು ಗಟ್ಟಿಯಾಯಿತು. ಗೊಬ್ಬರಕ್ಕೂ ಇಟ್ಟಿಗೆಗೂ ಬೂದಿ ತೆಗೆದು ಅನೇಕ ದಿಬ್ಬಗಳು ಕರಗಿವೆ. ನಿಮ್ಮ ಊರಲ್ಲಿ ಒಂದಿದ್ದರೆ ಅದರ ಅಳತೆ ಮತ್ತು ಚಿತ್ರವನ್ನು ಈಗಲೇ ದಾಖಲಿಸಿಡಿ.

ಬೆಟ್ಟದ ತುದಿಯ ಬಂಡೆಯಲ್ಲಿ ಒಂದು ವೃತ್ತ, ನಡುವೆ ಚುಕ್ಕೆ ಕೊರೆದಿದೆ. ನಿಧಿಯ ಗುರುತು ಎನ್ನುತ್ತಾರೆ.

ನಿಧಿಯಲ್ಲ, ಸರ್ವೆಯ ಗುರುತಾಗಿರುವ ಸಂಭವವೇ ಹೆಚ್ಚು. ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆಯನ್ನು ಅಳೆದು, 1802ರಿಂದ ಮದರಾಸಿನಿಂದ ಮುಂದುವರಿಸಿದ ಮಹಾ ತ್ರಿಕೋನಮಿತಿ ಸರ್ವೆಗೆ, ದೂರದಿಂದ ಕಾಣುವ ಬೆಟ್ಟದ ತುದಿಗಳೇ ಬೇಕಾಗಿದ್ದವು. ಅಂಥ ನೆಲೆಗಳಲ್ಲಿ ಬಂಡೆಯ ಮೇಲೆ ವೃತ್ತ ಮತ್ತು ಚುಕ್ಕೆಯನ್ನು ಕೊರೆಯುವುದು ವಾಡಿಕೆ. ಸರ್ವೆ ಆಫ್ ಇಂಡಿಯಾದ 1:50,000 ನಕ್ಷೆಯಲ್ಲಿ ನಿಮ್ಮ ಬೆಟ್ಟದ ಮೇಲೆ ಒಂದು ಸಣ್ಣ ತ್ರಿಕೋನವೂ ಎತ್ತರದ ಅಂಕಿಯೂ ಇದ್ದರೆ ಸಂದೇಹ ಉಳಿಯುವುದಿಲ್ಲ. ಈ ತಪ್ಪು ನಂಬಿಕೆಯಿಂದ ಬಂಡೆಗಳನ್ನೇ ಸಿಡಿಸಿದವರಿದ್ದಾರೆ.

ಗುಡಿಯಿಂದ ಕೋಟೆಗೆ ಸುರಂಗವಿದೆ ಎನ್ನುತ್ತಾರಲ್ಲ?

ಇದನ್ನು ಹೇಳದ ಊರು ಅಪರೂಪ. ಸಾಮಾನ್ಯವಾಗಿ ಆ ‘ಸುರಂಗ’ ಗುಡಿಯ ನೆಲಮಾಳಿಗೆಯೋ, ಧಾನ್ಯ ತುಂಬುವ ಹಗೇವೋ, ಅಭಿಷೇಕದ ನೀರು ಹೋಗುವ ದಾರಿಯೋ ಆಗಿರುತ್ತದೆ. ಒಳಗೆ ಇಳಿಯಬೇಡಿ, ಗಾಳಿಯಿಲ್ಲದ ಹಗೇವುಗಳು ಪ್ರಾಣ ತೆಗೆಯುತ್ತವೆ.

ಹಳೇ ಊರು ಬೇರೆ ಕಡೆ ಇತ್ತಂತೆ. ಊರನ್ನೇ ಏಕೆ ಬಿಟ್ಟರು?

ಮೊದಲು ಹಳೆಯ ನೆಲೆಯನ್ನು ಗುರುತಿಸಿ. ಉತ್ತ ಹೊಲದಲ್ಲಿ ಮಡಕೆ ಚೂರುಗಳು ದಟ್ಟವಾಗಿ ಸಿಗುವ ಬೂದುಬಣ್ಣದ ಮಣ್ಣು, ಒಂಟಿ ಗುಡಿ, ಹಳೆಯ ಬಾವಿ, ವರ್ಷಕ್ಕೊಮ್ಮೆ ಮಾತ್ರ ಪೂಜೆಗೆ ಹೋಗುವ ಮಾರಮ್ಮನ ಕಲ್ಲು ಇವೆಲ್ಲ ಹಾಳೂರಿನ ಸೂಚನೆಗಳು. ಇಂದಿನ ಊರಿನ ದೇವರು ಮೆರವಣಿಗೆಯಲ್ಲಿ ಕಾರಣ ಗೊತ್ತಿಲ್ಲದೆ ಒಂದು ಬರಿಯ ಬಯಲಿನವರೆಗೆ ಹೋಗಿ ಬರುತ್ತಿದ್ದರೆ ಆ ಬಯಲನ್ನು ಚೆನ್ನಾಗಿ ನೋಡಬೇಕು.

ಬಿಟ್ಟ ಕಾರಣಗಳು ಹಲವು: ಬಾವಿ ಬತ್ತುವುದು, ಮಲೇರಿಯಾ, ದಂಡಿನ ಹಾವಳಿ, ಬರ. 1898ರಿಂದ ಮೈಸೂರು ಸಂಸ್ಥಾನದಲ್ಲಿ ಹರಡಿದ ಪ್ಲೇಗಿಗೆ ಹೆದರಿ ಜನ ಮನೆ ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿದರು, ಕೆಲವರು ಅಲ್ಲೇ ನೆಲೆ ನಿಂತರು. ಆಮೇಲೆ ಅಣೆಕಟ್ಟುಗಳು ಬಂದವು. ಕೃಷ್ಣರಾಜಸಾಗರದ ನೀರಿನಲ್ಲಿ ಹಳೆಯ ಕನ್ನಂಬಾಡಿ ಮುಳುಗಿತು. ಅಲ್ಲಿನ ವೇಣುಗೋಪಾಲಸ್ವಾಮಿ ದೇವಾಲಯವನ್ನು ನಮ್ಮ ಕಾಲದಲ್ಲಿ ಕಲ್ಲು ಕಲ್ಲು ಬಿಚ್ಚಿ ಹೊಸ ಕನ್ನಂಬಾಡಿಯಲ್ಲಿ ಮರಳಿ ಕಟ್ಟಲಾಗಿದೆ.

## ಕಾಗದಪತ್ರಗಳು

ಕಂದಾಯ ದಾಖಲೆಗಳಲ್ಲಿ ಚರಿತ್ರೆ ಹುಡುಕುವುದು ಹೇಗೆ? ಅವು ಜಮೀನಿನ ಲೆಕ್ಕ ಮಾತ್ರವಲ್ಲವೇ?

ಜಮೀನಿನ ಲೆಕ್ಕವೇ ಊರಿನ ಅತ್ಯಂತ ಪ್ರಾಮಾಣಿಕ ಚರಿತ್ರೆ ಎಂದು ನನ್ನ ಅನಿಸಿಕೆ, ಏಕೆಂದರೆ ಅದನ್ನು ಯಾರೂ ಚರಿತ್ರೆಯೆಂದು ಬರೆಯಲಿಲ್ಲ. ಮೈಸೂರು ಸೀಮೆಯಲ್ಲಿ 1863ರಲ್ಲಿ ಆರಂಭವಾದ ಕಂದಾಯ ಸರ್ವೆ ಪ್ರತಿ ಹೊಲಕ್ಕೂ ಸಂಖ್ಯೆ ಕೊಟ್ಟಿತು. ಗ್ರಾಮ ನಕ್ಷೆ, ಟಿಪ್ಪಣಿ (ಒಂದೊಂದು ಹೊಲದ ಅಳತೆಯ ಕರಡು ನಕ್ಷೆ), ಆಕಾರಬಂದ್ (ವಿಸ್ತೀರ್ಣ ಮತ್ತು ಕಂದಾಯದ ಪಟ್ಟಿ) ಮೂರನ್ನೂ ಒಟ್ಟಿಗೆ ಇಟ್ಟುಕೊಂಡು ನೋಡಿ. ಗೋಮಾಳ, ಗುಂಡುತೋಪು, ಸ್ಮಶಾನ, ಬಂಡಿದಾರಿ, ಹಳ್ಳ, ಕಟ್ಟೆ ಇವುಗಳ ಗುರುತು ಅವುಗಳಲ್ಲಿ ಸಿಗುತ್ತದೆ. ಇಂದು ಲೇಔಟ್ ಆಗಿರುವ ಕಡೆ ನಕ್ಷೆಯಲ್ಲಿ ಕಟ್ಟೆಯ ಗುರುತಿದ್ದರೆ ಮಳೆಗಾಲದಲ್ಲಿ ಅಲ್ಲಿ ನೀರು ನಿಲ್ಲುವ ಕಾರಣ ತಾನಾಗಿಯೇ ತಿಳಿಯುತ್ತದೆ.

ಹಳೆಯ ಇನಾಂ ದಾಖಲೆಗಳು ಇನ್ನೂ ಒಂದು ಹೆಜ್ಜೆ ಹಿಂದಕ್ಕೆ ಕರೆದೊಯ್ಯುತ್ತವೆ. ದೇವಾದಾಯ, ತಳವಾರಿಕೆ, ತೋಟಿ, ನೀರುಗಂಟಿ ಇನಾಂ ಜಮೀನುಗಳಿಂದ ಊರಿನ ಸೇವೆ ಯಾರ ಕೈಯಲ್ಲಿತ್ತು, ಅದಕ್ಕೆ ಪ್ರತಿಯಾಗಿ ಏನು ಸಿಗುತ್ತಿತ್ತು ಎಂಬುದು ಕಾಣುತ್ತದೆ. ವಂಶಪಾರಂಪರ್ಯದ ಪಟೇಲಿಕೆ, ಶಾನುಭೋಗಿಕೆಗಳನ್ನು 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಕೊನೆಗಾಣಿಸಿತು. ಸ್ಥಳದಲ್ಲಿ ನಿಂತು ಸರ್ವೆ ನಂಬರು ತಿಳಿಯಲು ಸರ್ಕಾರದ ದಿಶಾಂಕ್ ಆ್ಯಪ್ ಅನುಕೂಲ, ಆದರೆ ಗಡಿ ತಕರಾರಿಗೆ ಅದು ಆಧಾರವಲ್ಲ.

ನಮ್ಮ ಮನೆತನ ಈ ಊರಿಗೆ ಯಾವಾಗ ಬಂತು ಎಂದು ತಿಳಿಯಬಹುದೇ?

ಹೆಳವರನ್ನು ಕೇಳಿ. ಎತ್ತಿನ ಮೇಲೆ ಊರೂರು ತಿರುಗುತ್ತ ಒಕ್ಕಲು ಮನೆತನಗಳ ವಂಶಾವಳಿಯನ್ನು ಹೇಳಿ, ಬರೆದು, ಮುಂದುವರಿಸಿಕೊಂಡು ಬಂದವರು ಅವರು. ನಿಮ್ಮ ಮನೆತನದ ಹೆಳವರು ಯಾರೆಂಬುದು ಮನೆಯ ಹಿರಿಯರಿಗೆ ಗೊತ್ತಿರುತ್ತದೆ. ಅವರ ಪುಸ್ತಕದಲ್ಲಿ ಮೂಲ ಊರು, ವಲಸೆಯ ದಾರಿ, ಬೆಡಗು (ಕುಲದೊಳಗಿನ ಪಂಗಡ) ಇರುತ್ತವೆ. ಹಿಂದಕ್ಕೆ ಹೋದಂತೆ ಪುರಾಣ ಬೆರೆಯುವುದರಿಂದ ಕೊನೆಯ ಆರೇಳು ತಲೆಮಾರುಗಳ ಭಾಗವನ್ನು ಕಂದಾಯ ದಾಖಲೆ ಮತ್ತು ಶಾಲೆಯ ದಾಖಲಾತಿ ಪುಸ್ತಕದ ಜೊತೆ ಹೋಲಿಸಿ ನೋಡಬೇಕು.

ಇನ್ನೂರು ವರ್ಷದ ಹಿಂದೆ ನಮ್ಮ ಊರನ್ನು ಯಾರಾದರೂ ಬರೆದಿಟ್ಟಿರಬಹುದೇ?

ಸಾಧ್ಯವಿದೆ. ಟಿಪ್ಪು ಮಡಿದ ಮರುವರ್ಷವೇ, 1800–01ರಲ್ಲಿ, ಫ್ರಾನ್ಸಿಸ್ ಬುಕಾನನ್ ಮೈಸೂರು, ಕೆನರಾ, ಮಲಬಾರ್ ಸೀಮೆಗಳನ್ನು ಸುತ್ತಿ ಬೆಳೆ, ನೀರಾವರಿ, ಜಾತಿ, ಕಸುಬುಗಳನ್ನು ದಿನಚರಿಯಂತೆ ಬರೆದ. ಅದು 1807ರಲ್ಲಿ ಪ್ರಕಟವಾಯಿತು. ಅದೇ ಕಾಲದಲ್ಲಿ ಮೈಸೂರಿನ ಸರ್ವೆ ನಡೆಸಿದ ಕಾಲಿನ್ ಮೆಕೆಂಜಿ ಊರೂರಿನ ಕೈಫಿಯತ್ತುಗಳನ್ನು, ಎಂದರೆ ಊರಿನ ವೃತ್ತಾಂತಗಳನ್ನು, ಬರೆಸಿ ಸಂಗ್ರಹಿಸಿದ. ಅವುಗಳಲ್ಲಿ ಕನ್ನಡದವನ್ನು ಎಂ.ಎಂ. ಕಲಬುರ್ಗಿ ಸಂಪಾದಿಸಿ ಪ್ರಕಟಿಸಿದ್ದಾರೆ. ಕೈಫಿಯತ್ತು ಊರಿನ ಶಾನುಭೋಗರೋ ಹಿರಿಯರೋ ಹೇಳಿದ್ದು. ಆದ್ದರಿಂದ ಅದು 1800ರ ಸುಮಾರಿನ ಜನ ತಮ್ಮ ಊರಿನ ಬಗ್ಗೆ ಏನನ್ನು ನಂಬಿದ್ದರು ಎಂಬುದಕ್ಕೆ ಗಟ್ಟಿ ಆಧಾರ, ಅದಕ್ಕೂ ಹಿಂದಿನ ಸಂಗತಿಗಳಿಗೆ ಅಷ್ಟಲ್ಲ.

## ಇನ್ನೂ ಆಳಕ್ಕೆ ಹೋಗುವವರಿಗೆ

ಶಾಸನದಲ್ಲಿ ನಮ್ಮ ಊರು ‘ನಾಗರಖಂಡ ಎಪ್ಪತ್ತರ’ ಒಳಗಿದೆ ಎಂದಿದೆ. ಎಪ್ಪತ್ತು ಏನು?

ಅದು ಅಂದಿನ ಆಡಳಿತ ವಿಭಾಗದ ಹೆಸರಿಗೆ ಅಂಟಿಕೊಂಡ ಸಂಖ್ಯೆ. ಬನವಾಸಿ ಪನ್ನಿರ್ಛಾಸಿರ, ಗಂಗವಾಡಿ ತೊಂಬತ್ತಾರು ಸಾಸಿರ, ನೊಳಂಬವಾಡಿ ಮೂವತ್ತೆರಡು ಸಾಸಿರ ಇವು ದೊಡ್ಡವು. ಜಿಡ್ಡುಳಿಗೆ ಎಪ್ಪತ್ತು, ನಾಗರಖಂಡ ಎಪ್ಪತ್ತು ಚಿಕ್ಕವು. ಚಿಕ್ಕ ಸಂಖ್ಯೆಗಳು ಹಳ್ಳಿಗಳ ಎಣಿಕೆಯೆಂದು ಒಪ್ಪಬಹುದಾದರೂ, ಗಂಗವಾಡಿಯಲ್ಲಿ ತೊಂಬತ್ತಾರು ಸಾವಿರ ಹಳ್ಳಿಗಳಿದ್ದವೆಂದು ನಂಬುವುದು ಕಷ್ಟ. ದೊಡ್ಡ ಸಂಖ್ಯೆಗಳ ಅರ್ಥದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ನಿಮಗೆ ಉಪಯೋಗವಾಗುವುದು ಬೇರೆ: ಅದೇ ಎಪ್ಪತ್ತಕ್ಕೆ ಸೇರಿದ ಇತರ ಊರುಗಳನ್ನು ನಕ್ಷೆಯಲ್ಲಿ ಗುರುತಿಸುತ್ತ ಹೋದರೆ, ಇಂದಿನ ತಾಲ್ಲೂಕಿನ ಗಡಿಗೆ ಹೊಂದದ, ಹೊಳೆ ಮತ್ತು ಬೆಟ್ಟಸಾಲುಗಳನ್ನು ಅನುಸರಿಸುವ ಹಳೆಯ ನಾಡೊಂದರ ಆಕಾರ ಮೂಡುತ್ತದೆ. ಭೂಮಿಯ ಅಳತೆಗಳನ್ನು ಓದುವಾಗಲೂ ಎಚ್ಚರ ಬೇಕು. ಖಂಡುಗ, ಕೊಳಗಗಳು ಬಿತ್ತುವ ಬೀಜದ ಲೆಕ್ಕವಾದ್ದರಿಂದ ಗದ್ದೆಯ ಖಂಡುಗವೂ ಹೊಲದ ಖಂಡುಗವೂ ಒಂದೇ ವಿಸ್ತಾರದವಲ್ಲ. ಎಕರೆಗೆ ಪರಿವರ್ತಿಸುವ ಆತುರ ಬೇಡ.

ದೇವಸ್ಥಾನ, ಗೌಡರ ಮನೆತನ ಬಿಟ್ಟರೆ ಬರೆಯಲು ಬೇರೆ ಏನಿದೆ?

ಊರಿನ ಮುಕ್ಕಾಲು ಪಾಲು ಅದರ ಹೊರಗಿದೆ. ಶಾಸನಗಳಲ್ಲಿ ದತ್ತಿ ಕೊಟ್ಟವರ, ಪಡೆದವರ ಹೆಸರಿದೆ. ಕೆರೆಯ ಮಣ್ಣು ಹೊತ್ತವರ ಹೆಸರಿಲ್ಲ. ಆದರೆ ಗುರುತುಗಳಿವೆ. ಊರಿನ ಎಲ್ಲೆಯನ್ನು ಚೆನ್ನಾಗಿ ಬಲ್ಲವನು ಹೊಲೆಯರ ಕೇರಿಯ ಕುಳವಾಡಿ. ಗಡಿ ವಿವಾದಗಳಲ್ಲಿ ಅವನ ಮಾತನ್ನು ಪ್ರಮಾಣವಾಗಿ ತೆಗೆದುಕೊಳ್ಳುತ್ತಿದ್ದರು. ಊರೊಳಗೆ ಜಾಗವಿಲ್ಲದವನ ಮಾತಿನ ಮೇಲೆ ಊರಿನ ಗಡಿ ನಿಂತಿತ್ತೆಂಬ ಈ ಸಂಗತಿಯನ್ನು ಬಿಟ್ಟು ಬರೆದ ಚರಿತ್ರೆ ಅರ್ಧದ್ದು.

ಪ್ರತಿ ಕೇರಿಯ ದೇವರ ನೆಲೆ, ಬಾವಿ, ಸ್ಮಶಾನ, ಕುಂಬಾರರು ಮಣ್ಣು ತೆಗೆದ ಗುಂಡಿ, ಅಗಸರ ಕಟ್ಟೆ, ದರ್ಗಾ, ಅಲಾವಿ ಕುಣಿ, ಕುರುಬರ ಹಟ್ಟಿ ಬಿಡುತ್ತಿದ್ದ ಬಯಲು ಇವೆಲ್ಲವನ್ನೂ ನಕ್ಷೆಯ ಮೇಲೆ ಹಾಕಬೇಕು. ಊರ ಹೆಂಗಸರನ್ನು ಕೇಳಿದರೆ ಗಂಡಸರು ಹೇಳದ ನೀರಿನ ತಾಣಗಳೂ ಸೊಪ್ಪು ಸೌದೆಯ ದಾರಿಗಳೂ ತಿಳಿಯುತ್ತವೆ.

ಬಿದ್ದಿರುವ ವೀರಗಲ್ಲುಗಳನ್ನು ತಂದು ಗುಡಿಯ ಮುಂದೆ ಸಾಲಾಗಿ ನಿಲ್ಲಿಸಿದರೆ ರಕ್ಷಣೆಯಾಗುವುದಿಲ್ಲವೇ?

ಕಲ್ಲು ಉಳಿಯುತ್ತದೆ, ಅದರ ಮಾತು ಅರ್ಧ ಹೋಗುತ್ತದೆ. ಕಾಳಗ ನಡೆದ ಜಾಗ, ಹಳೆಯ ದಾರಿ, ಅಳಿದ ಊರು ಇವೆಲ್ಲ ಕಲ್ಲು ನಿಂತ ನೆಲೆಯಿಂದಲೇ ತಿಳಿಯುವುದು. ಇದ್ದಲ್ಲೇ ಎತ್ತಿ ನಿಲ್ಲಿಸಿ, ಸುತ್ತ ಸಣ್ಣ ಕಟ್ಟೆ ಕಟ್ಟುವುದು ಮೊದಲ ಆಯ್ಕೆಯಾಗಬೇಕು. ರಸ್ತೆ ಅಗಲೀಕರಣದಂಥ ಕಾರಣಕ್ಕೆ ಸಾಗಿಸಲೇಬೇಕಾದರೆ ಮೊದಲು ಅಕ್ಷಾಂಶ ರೇಖಾಂಶ, ಸರ್ವೆ ನಂಬರು, ಮುಖ ಯಾವ ದಿಕ್ಕಿಗಿತ್ತು ಎಂಬುದನ್ನು ಚಿತ್ರದೊಡನೆ ದಾಖಲಿಸಿ, ರಾಜ್ಯ ಪುರಾತತ್ತ್ವ ಇಲಾಖೆಗೆ ಬರೆದು ತಿಳಿಸಿ.

ಕಾನೂನನ್ನೂ ತಿಳಿದಿರಬೇಕು. ನೂರು ವರ್ಷಕ್ಕೂ ಹಳೆಯ ಶಿಲ್ಪ, ಶಾಸನಗಳು 1972ರ ಪ್ರಾಚ್ಯವಸ್ತು ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಕೇಂದ್ರದ ರಕ್ಷಿತ ಸ್ಮಾರಕವಾದರೆ ಸುತ್ತಲಿನ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ಪಾಯ ಅಗೆಯುವಾಗ ನಾಣ್ಯವೋ ಒಡವೆಯೋ ಸಿಕ್ಕರೆ ನಿಧಿ ಕಾಯ್ದೆಯಂತೆ ಸರ್ಕಾರಕ್ಕೆ ತಿಳಿಸಲೇಬೇಕು. ಗುಡಿಯ ಜೀರ್ಣೋದ್ಧಾರದ ಹೆಸರಿನಲ್ಲಿ ಹಳೆಯ ಗೋಡೆಗೆ ಸ್ಯಾಂಡ್ ಬ್ಲಾಸ್ಟಿಂಗ್ ಮಾಡಿಸುವುದು, ಶಾಸನದ ಕಲ್ಲಿನ ಮೇಲೆ ಟೈಲ್ಸ್ ಅಂಟಿಸುವುದು ಕಳ್ಳರಿಗಿಂತ ಹೆಚ್ಚು ಹಾನಿ ಮಾಡಿವೆ.

ಸಂಗ್ರಹಿಸಿದ್ದನ್ನು ಯಾವ ರೂಪದಲ್ಲಿ ಬರೆದಿಡಬೇಕು?

ಪ್ರತಿಯೊಂದು ಗುರುತಿಗೂ ಒಂದು ಹಾಳೆ ಮಾಡಿ. ಊರವರು ಕರೆಯುವ ಹೆಸರು, ಸರ್ವೆ ನಂಬರು, ಅಕ್ಷಾಂಶ ರೇಖಾಂಶ, ಅಳತೆ, ಚಿತ್ರ, ನೋಡಿದ ದಿನಾಂಕ ಮೊದಲ ಭಾಗದಲ್ಲಿರಲಿ. ಎರಡನೆಯ ಭಾಗದಲ್ಲಿ ಪ್ರಕಟಿತ ಆಧಾರ, ಮೂರನೆಯದರಲ್ಲಿ ಜನ ಹೇಳುವ ಕಥೆ, ಹೇಳಿದವರ ಒಪ್ಪಿಗೆಯಿದ್ದರೆ ಅವರ ಹೆಸರು. ನಿಮ್ಮ ಊಹೆಯನ್ನು ನಾಲ್ಕನೆಯ ಭಾಗದಲ್ಲಿ, ಊಹೆಯೆಂದೇ ಬರೆಯಿರಿ. ಈ ನಾಲ್ಕನ್ನು ಬೆರೆಸದಿದ್ದರೆ ಮುಂದೆ ಬರುವವರು ನಿಮ್ಮ ಊಹೆಯನ್ನು ಒಪ್ಪದೆಯೂ ನಿಮ್ಮ ಕೆಲಸವನ್ನು ಬಳಸಬಹುದು. ಒಂದು ಪ್ರತಿಯನ್ನು ಊರಿನ ಶಾಲೆಗೆ, ಒಂದನ್ನು ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಕೊಡಿ. ನಿಧಿಗಳ್ಳರ ಕಾಟವಿರುವ ಸೀಮೆಯಲ್ಲಿ ಒಂಟಿ ಗುಡಿ ಮತ್ತು ಗೋರಿಗಳ ಅಕ್ಷಾಂಶ ರೇಖಾಂಶಗಳನ್ನು ಮಾತ್ರ ಸಾರ್ವಜನಿಕ ಪ್ರತಿಯಿಂದ ತೆಗೆದು, ಪುರಾತತ್ತ್ವ ಇಲಾಖೆಗೆ ಕಳಿಸುವ ಪ್ರತಿಯಲ್ಲಿ ಇಡಿ.